ಹಸಿರುಮನೆ ಅನಿಲಗಳ ಹೊರಸೂಸುವಿಕೆಯ ನಿಯಂತ್ರಣ: ಪ್ರಮುಖ ವಲಯಗಳ ಸ್ಥೂಲ ಪರಿಚಯ

1. ಪೀಠಿಕೆ

ಭೂಮಿಯಿಂದ ಹೊರಹೊಮ್ಮುವ ಶಾಖದ ಒಂದು ಭಾಗವನ್ನು ವಾತಾವರಣದಲ್ಲಿಯೇ ಹಿಡಿದಿಡುವ ಅನಿಲಗಳನ್ನು ಹಸಿರುಮನೆ ಅನಿಲಗಳೆಂದು ಕರೆಯಲಾಗುತ್ತದೆ. ಇಂಗಾಲದ ಡೈಆಕ್ಸೈಡ್, ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಇವುಗಳಲ್ಲಿ ಮುಖ್ಯವಾದವು. ಈ ಅನಿಲಗಳು ಸ್ವಾಭಾವಿಕ ಪ್ರಮಾಣದಲ್ಲಿ ಇರುವುದರಿಂದಲೇ ಭೂಮಿಯು ವಾಸಯೋಗ್ಯವಾಗಿರುತ್ತದೆ. ಆದರೆ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಮುಂತಾದವುಗಳ ದಹನ ಹಾಗೂ ಅರಣ್ಯನಾಶದಿಂದ ಇವುಗಳ ಪ್ರಮಾಣ ಹೆಚ್ಚುತ್ತಾ ಬಂದಿದ್ದು, ಭೂಮಿಯ ಸರಾಸರಿ ಉಷ್ಣಾಂಶವು ಏರುತ್ತಿದೆ.

ಮಳೆಯನ್ನೇ ನಂಬಿ ಬೇಸಾಯ ಮಾಡುವ ರೈತರು ಹೆಚ್ಚಾಗಿರುವ ಕರ್ನಾಟಕದಂತಹ ರಾಜ್ಯಕ್ಕೆ ಇದು ದೂರದ ವಿಷಯವಲ್ಲ. 2023ನೇ ಸಾಲಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಯಾವುದೇ ಒಂದು ವರ್ಷದ ಬರಕ್ಕೆ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದು. ಆದರೆ ಉಷ್ಣಾಂಶ ಏರಿದಂತೆ ಬರ ಮತ್ತು ಅತಿವೃಷ್ಟಿ ಎರಡೂ ತೀವ್ರಗೊಳ್ಳುವ ಸಂಭವ ಹೆಚ್ಚುತ್ತದೆಂಬುದು ವಿಜ್ಞಾನಿಗಳ ಅಭಿಪ್ರಾಯವಾಗಿದೆ.

ಇಲ್ಲಿ ಸಾರ್ವಜನಿಕರಲ್ಲಿ ಒಂದು ಪ್ರಶ್ನೆ ಮೂಡುವುದು ಸಹಜ. ಭಾರತದ ತಲಾ ವಿದ್ಯುತ್ ಬಳಕೆಯು 2023-24ರಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್‌ಗಳಷ್ಟಿದ್ದು, ಇದು ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆಯಾಗಿರುತ್ತದೆ. ಹೀಗಿರುವಾಗ, ಇನ್ನೂ ಬೆಳೆಯಬೇಕಾದ ದೇಶದ ಜನರಿಗೆ ಬಳಕೆಯನ್ನು ಕಡಿಮೆ ಮಾಡಿಕೊಳ್ಳಿ ಎಂದು ಹೇಳುವುದು ನ್ಯಾಯವೇ? ಈ ಪ್ರಶ್ನೆಗೆ ಉತ್ತರವು ಹೀಗಿದೆ: ಅಭಿವೃದ್ಧಿಶೀಲ ರಾಷ್ಟ್ರದಲ್ಲಿ ಹೊರಸೂಸುವಿಕೆಯ ನಿಯಂತ್ರಣವೆಂದರೆ ಬೆಳಕು, ನೀರು, ಅಡುಗೆ, ಪ್ರಯಾಣ ಮತ್ತು ಉದ್ಯೋಗವನ್ನು ಕಡಿತಗೊಳಿಸುವುದಲ್ಲ, ಅದೇ ಸೌಲಭ್ಯವನ್ನು ಕಡಿಮೆ ಇಂಧನದಿಂದ ಅಥವಾ ಶುದ್ಧ ಇಂಧನದಿಂದ ಪಡೆಯುವುದು. ಯಾವ ವಲಯದಲ್ಲಿ ಇದು ಎಷ್ಟರಮಟ್ಟಿಗೆ ಸಾಧ್ಯ, ಎಲ್ಲಿ ಕಷ್ಟಸಾಧ್ಯ ಎಂಬುದನ್ನು ಈ ಕೆಳಗೆ ವಲಯವಾರು ವಿವರಿಸಲಾಗಿದೆ.

2. ದೇಶದ ಹೊರಸೂಸುವಿಕೆಯ ಲೆಕ್ಕ

ಎಲ್ಲಾ ಹಸಿರುಮನೆ ಅನಿಲಗಳ ಪರಿಣಾಮ ಒಂದೇ ಸಮನಾಗಿರುವುದಿಲ್ಲ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಒಂದು ಕೆ.ಜಿ. ಮೀಥೇನ್ ಸುಮಾರು 28 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೂ, ಒಂದು ಕೆ.ಜಿ. ನೈಟ್ರಸ್ ಆಕ್ಸೈಡ್ ಸುಮಾರು 265 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೂ ಸಮನಾಗಿರುತ್ತದೆ. ಆದ್ದರಿಂದ ಎಲ್ಲಾ ಅನಿಲಗಳನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ತೂಕಕ್ಕೆ ಪರಿವರ್ತಿಸಿ ಲೆಕ್ಕ ಹಾಕಲಾಗುತ್ತದೆ.

ಭಾರತವು 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ನಾಲ್ಕನೇ ದ್ವೈವಾರ್ಷಿಕ ವರದಿಯ ಪ್ರಕಾರ, 2020ನೇ ವರ್ಷದಲ್ಲಿ ಅರಣ್ಯ ಮತ್ತು ಭೂಬಳಕೆಯನ್ನು ಹೊರತುಪಡಿಸಿ ದೇಶದ ಒಟ್ಟು ಹೊರಸೂಸುವಿಕೆ 295.9 ಕೋಟಿ ಟನ್‌ಗಳು. ಇದರ ವಲಯವಾರು ವಿವರ ಈ ಕೆಳಕಂಡಂತಿದೆ:

(ಅ) ಇಂಧನ ವಲಯ (ವಿದ್ಯುತ್ ಉತ್ಪಾದನೆ, ಸಾರಿಗೆ, ಕಾರ್ಖಾನೆಗಳಲ್ಲಿ ಸುಡುವ ಇಂಧನ, ಅಡುಗೆ ಇತ್ಯಾದಿ): ಶೇ. 75.66
(ಆ) ಕೃಷಿ ಮತ್ತು ಪಶುಪಾಲನೆ: ಶೇ. 13.72
(ಇ) ಕೈಗಾರಿಕಾ ಪ್ರಕ್ರಿಯೆಗಳು: ಶೇ. 8.06
(ಈ) ತ್ಯಾಜ್ಯ: ಶೇ. 2.56

ವಿದ್ಯುತ್ ಉತ್ಪಾದನೆಯೊಂದೇ ಒಟ್ಟು ಹೊರಸೂಸುವಿಕೆಯ ಸುಮಾರು ಶೇ. 39ರಷ್ಟಾಗುತ್ತದೆ. ಅರಣ್ಯ, ಮರಗಿಡ ಮತ್ತು ಭೂಮಿಯು ಅದೇ ವರ್ಷ ಸುಮಾರು 52.2 ಕೋಟಿ ಟನ್‌ಗಳಷ್ಟನ್ನು ಹೀರಿಕೊಂಡಿದ್ದು, ನಿವ್ವಳ ಹೊರಸೂಸುವಿಕೆಯು 243.7 ಕೋಟಿ ಟನ್‌ಗಳಾಗಿರುತ್ತದೆ. 2020ನೇ ವರ್ಷವು ಕೋವಿಡ್ ಸಾಂಕ್ರಾಮಿಕದ ವರ್ಷವಾಗಿದ್ದು, ಒಟ್ಟು ಹೊರಸೂಸುವಿಕೆಯು ಹಿಂದಿನ ವರ್ಷಕ್ಕಿಂತ ಶೇ. 7.93ರಷ್ಟು ಕಡಿಮೆಯಾಗಿತ್ತೆಂಬುದನ್ನು ಈ ಅಂಕಿ-ಅಂಶಗಳನ್ನು ಓದುವಾಗ ಗಮನದಲ್ಲಿಡಬೇಕಾಗುತ್ತದೆ.

ಒಟ್ಟು ಪ್ರಮಾಣದಲ್ಲಿ ಭಾರತವು ಚೀನಾ ಮತ್ತು ಅಮೆರಿಕಗಳ ನಂತರ ಮೂರನೇ ಸ್ಥಾನದಲ್ಲಿದೆ. ಆದರೆ ತಲಾ ಲೆಕ್ಕದಲ್ಲಿ ಭಾರತದ ಹೊರಸೂಸುವಿಕೆಯು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಈ ಎರಡೂ ಮಾತುಗಳು ಏಕಕಾಲಕ್ಕೆ ನಿಜವಾಗಿರುತ್ತವೆ.

3. ರಾಷ್ಟ್ರೀಯ ಬದ್ಧತೆಗಳು ಮತ್ತು ಅವುಗಳ ಅರ್ಥ

1992ರಲ್ಲಿ ರಿಯೋ ಡಿ ಜನೈರೊ ನಗರದಲ್ಲಿ ಸಹಿಗೆ ತೆರೆಯಲಾದ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು ಸದಸ್ಯ ರಾಷ್ಟ್ರವಾಗಿದೆ. 1997ರ ಕ್ಯೋಟೊ ಒಪ್ಪಂದವನ್ನು 2002ರಲ್ಲಿ ಅನುಮೋದಿಸಲಾಯಿತು. 2008ರ ಜೂನ್ 30ರಂದು ಸೌರಶಕ್ತಿ, ಇಂಧನ ದಕ್ಷತೆ, ಸುಸ್ಥಿರ ಕೃಷಿ, ಹಸಿರು ಭಾರತ ಮೊದಲಾದ ಎಂಟು ಅಭಿಯಾನಗಳನ್ನೊಳಗೊಂಡ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಲಾಯಿತು. ಇದರ ಅನುಸಾರ ರಾಜ್ಯಗಳೂ ತಮ್ಮ ಕ್ರಿಯಾ ಯೋಜನೆಗಳನ್ನು ರೂಪಿಸಿದ್ದು, ಕರ್ನಾಟಕದಲ್ಲಿ ಈ ಕಾರ್ಯವನ್ನು ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಗೆ ವಹಿಸಲಾಯಿತು.

2015ರ ಪ್ಯಾರಿಸ್ ಒಪ್ಪಂದವನ್ನು ಭಾರತವು 2016ರ ಅಕ್ಟೋಬರ್ 2ರಂದು ಅನುಮೋದಿಸಿತು. 2022ರ ಆಗಸ್ಟ್‌ನಲ್ಲಿ ಪರಿಷ್ಕರಿಸಲಾದ ಬದ್ಧತೆಗಳ ಮುಖ್ಯಾಂಶಗಳು:

(ಅ) ರಾಷ್ಟ್ರೀಯ ಉತ್ಪನ್ನದ ಪ್ರತಿ ರೂಪಾಯಿಗೆ ಆಗುವ ಹೊರಸೂಸುವಿಕೆಯನ್ನು, ಅಂದರೆ ಹೊರಸೂಸುವಿಕೆಯ ತೀವ್ರತೆಯನ್ನು, 2005ರ ಮಟ್ಟಕ್ಕೆ ಹೋಲಿಸಿದಲ್ಲಿ 2030ರೊಳಗೆ ಶೇ. 45ರಷ್ಟು ತಗ್ಗಿಸುವುದು.
(ಆ) 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಸುಮಾರು ಶೇ. 50ರಷ್ಟನ್ನು ಪಳೆಯುಳಿಕೆಯೇತರ ಮೂಲಗಳಿಂದ ಹೊಂದುವುದು.

ಇದಲ್ಲದೆ, 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯನ್ನು ಸಾಧಿಸುವುದಾಗಿ 2021ರ ನವೆಂಬರ್‌ನಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಘೋಷಿಸಲಾಯಿತು.

ಮೊದಲನೆಯ ಗುರಿಯನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಅವಶ್ಯಕ. 2005ರಿಂದ 2020ರವರೆಗೆ ಹೊರಸೂಸುವಿಕೆಯ ತೀವ್ರತೆಯು ಶೇ. 36ರಷ್ಟು ಇಳಿದಿದೆ. ಅಂದರೆ, 2005ರಲ್ಲಿ ನಿರ್ದಿಷ್ಟ ಮೌಲ್ಯದ ಉತ್ಪಾದನೆಗೆ 100 ಕೆ.ಜಿ. ಅನಿಲ ಹೊರಬೀಳುತ್ತಿದ್ದರೆ, 2020ರಲ್ಲಿ ಅದೇ ಮೌಲ್ಯದ ಉತ್ಪಾದನೆಗೆ 64 ಕೆ.ಜಿ. ಮಾತ್ರ ಹೊರಬಿದ್ದಿದೆ. ಆದರೆ ಈ ಅವಧಿಯಲ್ಲಿ ಉತ್ಪಾದನೆಯೇ ದುಪ್ಪಟ್ಟಿಗಿಂತ ಹೆಚ್ಚಾಗಿದೆ. 64ನ್ನು ಎರಡರಿಂದ ಗುಣಿಸಿದರೂ 128 ಆಗುತ್ತದೆ. ಆದ್ದರಿಂದ ತೀವ್ರತೆ ಇಳಿದರೂ ಒಟ್ಟು ಪ್ರಮಾಣ ಏರಿರುತ್ತದೆ. ತೀವ್ರತೆಯ ಇಳಿಕೆಯು ಸಾಧನೆಯೇ ಸರಿ. ಆದರೆ ವಾತಾವರಣವು ಒಟ್ಟು ಪ್ರಮಾಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಂದಿನ ವರ್ಷಗಳಲ್ಲಿ ತೀವ್ರತೆಯು ಬೆಳವಣಿಗೆಗಿಂತಲೂ ವೇಗವಾಗಿ ಇಳಿದಾಗ ಮಾತ್ರ ಒಟ್ಟು ಪ್ರಮಾಣವೂ ಇಳಿಯಲಾರಂಭಿಸುತ್ತದೆ.

4. ವಿದ್ಯುತ್ ಉತ್ಪಾದನೆ

ಕರ್ನಾಟಕವು ಜಲವಿದ್ಯುತ್ತಿನಲ್ಲಿ ದೀರ್ಘ ಪರಂಪರೆಯುಳ್ಳ ರಾಜ್ಯ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸರಬರಾಜು ಆರಂಭವಾಯಿತು. ನಂತರ ಶರಾವತಿಯು ರಾಜ್ಯದ ಪ್ರಮುಖ ಆಸರೆಯಾಯಿತು. ಬೇಡಿಕೆ ಹೆಚ್ಚಿದಂತೆ ಮತ್ತು ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯಗಳು ತುಂಬದಿದ್ದಾಗ ಕಲ್ಲಿದ್ದಲು ಆಧಾರಿತ ಉತ್ಪಾದನೆ ಅನಿವಾರ್ಯವಾಯಿತು. ರಾಯಚೂರು, ಬಳ್ಳಾರಿ ಮತ್ತು ಯರಮರಸ್ ಸ್ಥಾವರಗಳು ಈ ಉದ್ದೇಶಕ್ಕಾಗಿ ಸ್ಥಾಪಿತವಾದವು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಂತೆ, ದೇಶದ ಜಾಲದ ಒಂದು ಯೂನಿಟ್ ವಿದ್ಯುತ್ ಉತ್ಪಾದನೆಗೆ ಸರಾಸರಿ 0.7 ಕೆ.ಜಿ.ಗೂ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದನ್ನು ತಗ್ಗಿಸಲು ಸೌರ, ಪವನ, ಜಲ ಮತ್ತು ಪರಮಾಣು ವಿದ್ಯುತ್ತಿನ ಪಾಲನ್ನು ಹೆಚ್ಚಿಸಲಾಗುತ್ತಿದೆ. ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಮೂಲಗಳ ಪಾಲು 2025ರ ಜೂನ್ ಅಂತ್ಯಕ್ಕೆ ಶೇ. 50ನ್ನು ದಾಟಿದ್ದು, 2030ರ ಗುರಿಯನ್ನು ಐದು ವರ್ಷ ಮುಂಚಿತವಾಗಿಯೇ ತಲುಪಲಾಗಿದೆ.

ಆದರೆ ಸಾಮರ್ಥ್ಯ ಮತ್ತು ಉತ್ಪಾದನೆ ಒಂದೇ ಅಲ್ಲ. ಸೌರ ಸ್ಥಾವರವು ಹಗಲಿನಲ್ಲಿ ಮಾತ್ರ ವಿದ್ಯುತ್ ನೀಡುವುದರಿಂದ, ಒಂದು ಮೆಗಾವ್ಯಾಟ್ ಸೌರ ಸಾಮರ್ಥ್ಯದಿಂದ ವರ್ಷದಲ್ಲಿ ದೊರೆಯುವ ಯೂನಿಟ್‌ಗಳು ಒಂದು ಮೆಗಾವ್ಯಾಟ್ ಕಲ್ಲಿದ್ದಲು ಸಾಮರ್ಥ್ಯದಿಂದ ದೊರೆಯುವ ಯೂನಿಟ್‌ಗಳ ಸುಮಾರು ಮೂರನೇ ಒಂದು ಭಾಗದಷ್ಟಿರುತ್ತವೆ. ಈ ಕಾರಣದಿಂದ 2024-25ರಲ್ಲಿ ದೇಶದಲ್ಲಿ ಉತ್ಪಾದನೆಯಾದ ಯೂನಿಟ್‌ಗಳಲ್ಲಿ ಕಲ್ಲಿದ್ದಲಿನ ಪಾಲು ಶೇ. 70ಕ್ಕೂ ಹೆಚ್ಚಾಗಿತ್ತು. ಸಂಜೆ ಸೂರ್ಯ ಮುಳುಗಿದ ನಂತರ ಮನೆಗಳ ಬೇಡಿಕೆ ಏರುವ ಹೊತ್ತಿಗೆ ವಿದ್ಯುತ್ತನ್ನು ಒದಗಿಸುವುದೇ ಈಗಿನ ಮುಖ್ಯ ಸವಾಲಾಗಿದೆ. ಬ್ಯಾಟರಿಗಳಲ್ಲಿ ಸಂಗ್ರಹಿಸುವುದು ಮತ್ತು ಹಗಲಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆ ಕೆಳಕ್ಕೆ ಹರಿಸಿ ವಿದ್ಯುತ್ ಪಡೆಯುವುದು, ಇವೆರಡು ಇದಕ್ಕಿರುವ ಮಾರ್ಗಗಳು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪ್ರಸ್ತಾಪಿಸಲಾದ 2,000 ಮೆಗಾವ್ಯಾಟ್ ಯೋಜನೆಯು ಇಂತಹುದು. ಇದು ಸಿಂಗಳೀಕಗಳ ಅಭಯಾರಣ್ಯದ ಪ್ರದೇಶವಾದುದರಿಂದ ಅರಣ್ಯ ರಕ್ಷಣೆಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡು ಚರ್ಚೆಗೆ ಕಾರಣವಾಗಿದೆ.

ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕು 2,050 ಮೆಗಾವ್ಯಾಟ್ ಸಾಮರ್ಥ್ಯ ಹೊಂದಿದ್ದು, ಮೊದಲ ಹಂತವು 2018ರಲ್ಲಿ ಆರಂಭಗೊಂಡಿತು. ಮೇಲಿಂದ ಮೇಲೆ ಬರಕ್ಕೆ ತುತ್ತಾಗುತ್ತಿದ್ದ ಈ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ 21,000 ರೂಪಾಯಿಗಳಿಂದ ಗುತ್ತಿಗೆ ಹಣ ಆರಂಭವಾಗಿದ್ದು, ಎರಡು ವರ್ಷಗಳಿಗೊಮ್ಮೆ ಶೇ. 5ರಷ್ಟು ಹೆಚ್ಚಿಸಲು ಅವಕಾಶ ಕಲ್ಪಿಸಲಾಗಿದೆ. ಜಮೀನಿನ ಒಡೆತನ ರೈತರಲ್ಲಿಯೇ ಉಳಿಯುವುದು ಈ ವ್ಯವಸ್ಥೆಯ ವಿಶೇಷ. ಆದರೆ ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣ ದೊರೆಯುವುದಿಲ್ಲ. ಮುಂದಿನ ಯೋಜನೆಗಳಲ್ಲಿ ಅವರ ಉದ್ಯೋಗದ ಲೆಕ್ಕವನ್ನೂ ಆರಂಭದಲ್ಲಿಯೇ ಸೇರಿಸಬೇಕಾಗಿರುತ್ತದೆ.

5. ವಿದ್ಯುತ್ ಬಳಕೆಯಲ್ಲಿ ದಕ್ಷತೆ

ಉಳಿಸಿದ ಒಂದು ಯೂನಿಟ್ ಉತ್ಪಾದಿಸಿದ ಒಂದು ಯೂನಿಟ್‌ಗಿಂತ ಹೆಚ್ಚಿನದು. ಏಕೆಂದರೆ ಸಾಗಣೆ ಮತ್ತು ವಿತರಣೆಯಲ್ಲಿ ಆಗುವ ನಷ್ಟದಿಂದಾಗಿ, ಮನೆಗೆ ಒಂದು ಯೂನಿಟ್ ತಲುಪಿಸಲು ಸ್ಥಾವರದಲ್ಲಿ ಒಂದಕ್ಕಿಂತ ಹೆಚ್ಚು ಯೂನಿಟ್ ಉತ್ಪಾದಿಸಬೇಕಾಗುತ್ತದೆ.

2001ರ ಇಂಧನ ಸಂರಕ್ಷಣಾ ಅಧಿನಿಯಮದ ಮೇರೆಗೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೊ ಸ್ಥಾಪನೆಯಾಯಿತು. 2006ರಲ್ಲಿ ಫ್ರಿಜ್, ಹವಾನಿಯಂತ್ರಕ ಮೊದಲಾದ ಉಪಕರಣಗಳಿಗೆ ನಕ್ಷತ್ರ ಗುರುತಿನ ಪಟ್ಟಿಯನ್ನು ಜಾರಿಗೆ ತರಲಾಯಿತು. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ದೇಶಾದ್ಯಂತ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳನ್ನು ವಿತರಿಸಲಾಗಿದೆ. ಕರ್ನಾಟಕದಲ್ಲಿ ಇದನ್ನು 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಜಾರಿಗೊಳಿಸಲಾಯಿತು.

ಉದಾಹರಣೆಗೆ, 60 ವ್ಯಾಟ್‌ನ ಹಳೆಯ ಬಲ್ಬಿನ ಬದಲು 9 ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ದಿನಕ್ಕೆ 5 ಗಂಟೆ ಬಳಸಿದಲ್ಲಿ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ಇದರಿಂದ ತಪ್ಪುವ ಹೊರಸೂಸುವಿಕೆ ಸುಮಾರು 65 ಕೆ.ಜಿ. ಮನೆಯ ಬೆಳಕು ಮಾತ್ರ ಕಡಿಮೆಯಾಗಿರುವುದಿಲ್ಲ. ಹಾಗೆಯೇ, 100 ಲೀಟರ್ ಸಾಮರ್ಥ್ಯದ ಸೌರ ಜಲತಾಪಕವು ವಿದ್ಯುತ್ ಗೀಸರಿನ ಬದಲಿಗೆ ಬಳಕೆಯಾದಾಗ ವರ್ಷಕ್ಕೆ ಸುಮಾರು 1,500 ಯೂನಿಟ್‌ಗಳವರೆಗೆ ಉಳಿತಾಯವಾಗಬಹುದೆಂದು ಅಂದಾಜಿಸಲಾಗಿದೆ.

6. ನೀರಾವರಿ ಪಂಪ್‌ಸೆಟ್‌ಗಳು

ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಒದಗಿಸಲಾಗುತ್ತಿದ್ದು, ಇದರ ವೆಚ್ಚವನ್ನು ಸರ್ಕಾರವು ಸಹಾಯಧನದ ರೂಪದಲ್ಲಿ ವಿದ್ಯುತ್ ಸರಬರಾಜು ಕಂಪನಿಗಳಿಗೆ ಭರಿಸುತ್ತದೆ. ಅಂತರ್ಜಲ ಆಳಕ್ಕಿಳಿದಂತೆಲ್ಲಾ ಅದೇ ನೀರನ್ನು ಮೇಲೆತ್ತಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ. ಹೀಗಾಗಿ ಕೊಳವೆ ಬಾವಿಯ ಆಳ, ಬೊಕ್ಕಸದ ಹೊರೆ ಮತ್ತು ಹೊರಸೂಸುವಿಕೆ ಮೂರೂ ಒಟ್ಟಿಗೆ ಏರುತ್ತವೆ.

5 ಅಶ್ವಶಕ್ತಿಯ ಪಂಪ್‌ಸೆಟ್ ದಿನಕ್ಕೆ 6 ಗಂಟೆಯಂತೆ ವರ್ಷದಲ್ಲಿ 150 ದಿನ ಓಡಿದರೆ ಸುಮಾರು 3,300 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಇದರಿಂದ ಸುಮಾರು 2.3 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ರೈತರಿಗೆ ನೀರು ಬೇಕೇ ಹೊರತು ಕಲ್ಲಿದ್ದಲಿನ ವಿದ್ಯುತ್ತೇ ಬೇಕೆಂದೇನಿಲ್ಲ. ನೀರಾವರಿಗೆ ಹಗಲಿನ ವಿದ್ಯುತ್ ಸಾಕಾಗುವುದರಿಂದ, ಸಂಗ್ರಹಣೆಯ ತೊಂದರೆಯಿಲ್ಲದೆ ಸೌರಶಕ್ತಿಯನ್ನು ಬಳಸಲು ಇದು ಅತ್ಯಂತ ಸೂಕ್ತ ಕ್ಷೇತ್ರವಾಗಿದೆ. ರಾತ್ರಿ ವೇಳೆ ಹೊಲಕ್ಕೆ ಹೋಗಿ ಪಂಪು ಚಾಲನೆ ಮಾಡುವ ಕಷ್ಟವೂ ತಪ್ಪುತ್ತದೆ. ಗ್ರಾಮಗಳ ಮನೆಗಳಿಗೆ ಮತ್ತು ಪಂಪ್‌ಸೆಟ್‌ಗಳಿಗೆ ಪ್ರತ್ಯೇಕ ಫೀಡರ್ ಒದಗಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಇದಕ್ಕೆ ತಳಹದಿ ಸಿದ್ಧವಾಗಿದೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳನ್ನೇ ಸೌರಶಕ್ತಿಗೆ ಪರಿವರ್ತಿಸಲು ಅವಕಾಶ ಕಲ್ಪಿಸಲಾಯಿತು. ಆದರೆ ಸೌರ ಪಂಪಿನಿಂದ ವಿದ್ಯುತ್ ಉಳಿದರೂ ನೀರು ಉಳಿಯುವುದಿಲ್ಲ. ಹನಿ ನೀರಾವರಿ, ಕೆರೆಗಳ ಪುನಶ್ಚೇತನ ಮತ್ತು ಬೆಳೆ ಆಯ್ಕೆ ಇದರ ಜೊತೆಜೊತೆಯಾಗಿ ಸಾಗಬೇಕಾಗುತ್ತದೆ.

7. ಸಾರಿಗೆ

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ., ಡೀಸೆಲ್ ಉರಿದಾಗ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಬಸ್ಸಿನಲ್ಲಿ 50 ಜನರು 20 ಕಿ.ಮೀ. ಪ್ರಯಾಣಿಸಿದರೆ ತಲಾ 270 ಗ್ರಾಂ ಆಗುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಅದೇ ದೂರವನ್ನು ಕ್ರಮಿಸಿದರೆ 3 ಕೆ.ಜಿ.ಗೂ ಹೆಚ್ಚಾಗುತ್ತದೆ. ಅಂದರೆ ತುಂಬಿದ ಬಸ್ಸಿನ ಪ್ರಯಾಣಿಕರಿಗಿಂತ ಒಂಟಿ ಕಾರಿನ ಪ್ರಯಾಣಿಕರ ಪಾಲು ಹನ್ನೊಂದು ಪಟ್ಟು. ಆದ್ದರಿಂದ ಸಾರ್ವಜನಿಕ ಸಾರಿಗೆಯನ್ನು ಬಲಪಡಿಸುವುದು ಈ ವಲಯದ ಮೊದಲ ಕ್ರಮವಾಗಿರುತ್ತದೆ.

ಬೆಂಗಳೂರಿನಲ್ಲಿ ನಮ್ಮ ಮೆಟ್ರೊ ಸಂಚಾರವು 2011ರ ಅಕ್ಟೋಬರ್ 20ರಂದು ಆರಂಭವಾಯಿತು. ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ಪ್ರಕಟಿಸಿದ ಕರ್ನಾಟಕವು ಈ ವಿಷಯದಲ್ಲಿ ದೇಶದ ಮೊದಲ ರಾಜ್ಯವಾಗಿದೆ. ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು 2021ರ ಡಿಸೆಂಬರ್‌ನಲ್ಲಿ ವಿದ್ಯುತ್ ಬಸ್ಸುಗಳನ್ನು ಸೇರ್ಪಡೆಗೊಳಿಸಲಾರಂಭಿಸಿದ್ದು, 2024ರಲ್ಲಿ ಇವುಗಳ ಸಂಖ್ಯೆ ಒಂದು ಸಾವಿರವನ್ನು ದಾಟಿತು. ಕೊಂಕಣ ರೈಲು ಮಾರ್ಗದ ಸಂಪೂರ್ಣ ವಿದ್ಯುದೀಕರಣವು 2022ರಲ್ಲಿ ಪೂರ್ಣಗೊಂಡಿತು. ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣವು 2025ರಲ್ಲಿ ಶೇ. 20ರ ಮಟ್ಟವನ್ನು ತಲುಪಿತು. ಆದರೆ ಎಥೆನಾಲ್‌ನ ಮುಖ್ಯ ಮೂಲಗಳಲ್ಲಿ ಒಂದಾದ ಕಬ್ಬು ಹೆಚ್ಚು ನೀರನ್ನು ಬೇಡುವ ಬೆಳೆಯೆಂಬುದನ್ನು ಕಡೆಗಣಿಸಲಾಗದು.

ವಿದ್ಯುತ್ ವಾಹನವು ಹೊಗೆಯನ್ನು ಬಿಡದಿದ್ದರೂ, ಅದಕ್ಕೆ ತುಂಬಿಸುವ ವಿದ್ಯುತ್ ಕಲ್ಲಿದ್ದಲಿನದಾಗಿದ್ದರೆ ಹೊಗೆಯು ಸ್ಥಾವರದಲ್ಲಿ ಹೊರಬೀಳುತ್ತದೆ. ವಿದ್ಯುತ್ ಜಾಲವು ಶುದ್ಧವಾದಂತೆ, ಈಗಾಗಲೇ ರಸ್ತೆಯಲ್ಲಿರುವ ವಿದ್ಯುತ್ ವಾಹನವೂ ತಾನಾಗಿಯೇ ಶುದ್ಧವಾಗುತ್ತಾ ಹೋಗುವುದು ಇದರ ಅನುಕೂಲ.

8. ಕೈಗಾರಿಕೆ

ಸಿಮೆಂಟ್ ಮತ್ತು ಉಕ್ಕು ಉದ್ದಿಮೆಗಳಲ್ಲಿ ಹೊರಸೂಸುವಿಕೆಯನ್ನು ತಗ್ಗಿಸುವುದು ಕಷ್ಟಕರ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಭಾಗಗಳಲ್ಲಿ ನಡೆಯುವ ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣದ ಕಲ್ಲನ್ನು ಸುಡಲಾಗುತ್ತದೆ. ಒಂದು ಟನ್ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟಾಗ, ಕುಲುಮೆಗೆ ಬಳಸಿದ ಇಂಧನದ ಹೊಗೆಯಲ್ಲದೆ, ಕಲ್ಲಿನಿಂದಲೇ ಸುಮಾರು 440 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಕುಲುಮೆಯನ್ನು ಸೌರಶಕ್ತಿಯಿಂದ ನಡೆಸಿದರೂ ಈ ಭಾಗ ತಪ್ಪುವುದಿಲ್ಲ. ಸುಟ್ಟ ಕಲ್ಲಿನ ಪ್ರಮಾಣವನ್ನೇ ಕಡಿಮೆ ಮಾಡಿ, ಅದರ ಬದಲಿಗೆ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಅಥವಾ ಉಕ್ಕು ಕಾರ್ಖಾನೆಗಳ ಕಿಟ್ಟವನ್ನು ಬೆರೆಸುವುದು ಸದ್ಯಕ್ಕಿರುವ ಉತ್ತಮ ಮಾರ್ಗ. ಹಾರುಬೂದಿ ಸಿಮೆಂಟಿನಲ್ಲಿ ಶೇ. 35ರವರೆಗೆ ಬೂದಿಯನ್ನು ಬೆರೆಸಲು ಅವಕಾಶವಿರುತ್ತದೆ.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂತಹ ಉಕ್ಕಿನ ಕೇಂದ್ರಗಳಲ್ಲಿ ಕಲ್ಲಿದ್ದಲನ್ನು ಶಾಖಕ್ಕಾಗಿ ಮಾತ್ರವಲ್ಲದೆ, ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸುವುದಕ್ಕಾಗಿಯೂ ಬಳಸಲಾಗುತ್ತದೆ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಬದಲು ಜಲಜನಕವನ್ನು ಬಳಸುವ ವಿಧಾನವಿದ್ದರೂ ಅದು ಇಂದಿಗೂ ದುಬಾರಿಯಾಗಿದೆ. ಈ ವೆಚ್ಚವನ್ನು ತಗ್ಗಿಸುವ ಉದ್ದೇಶದಿಂದ 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನಕ್ಕೆ ಅನುಮೋದನೆ ನೀಡಲಾಯಿತು.

ದೊಡ್ಡ ಕಾರ್ಖಾನೆಗಳಿಗೆ ಇಂಧನ ಬಳಕೆಯ ಗುರಿ ನಿಗದಿಪಡಿಸುವ ಯೋಜನೆಯು 2012ರಲ್ಲಿ ಆರಂಭವಾಯಿತು. ಗುರಿಗಿಂತ ಹೆಚ್ಚು ಉಳಿಸಿದ ಘಟಕಕ್ಕೆ ಪ್ರಮಾಣಪತ್ರ ದೊರೆಯುತ್ತದೆ. ಗುರಿ ತಲುಪದ ಘಟಕವು ಅದನ್ನು ಖರೀದಿಸಬೇಕಾಗುತ್ತದೆ. 2012ರಿಂದ 2015ರವರೆಗಿನ ಮೊದಲ ಸುತ್ತಿನಲ್ಲಿ 478 ಘಟಕಗಳು ಸೇರ್ಪಡೆಯಾಗಿದ್ದವು. ಇದೇ ತತ್ವವನ್ನು ಹೊರಸೂಸುವಿಕೆಗೆ ಅನ್ವಯಿಸುವ ಇಂಗಾಲ ಮಾರುಕಟ್ಟೆ ಯೋಜನೆಯ ಅಧಿಸೂಚನೆಯನ್ನು 2023ರಲ್ಲಿ ಹೊರಡಿಸಲಾಗಿದೆ. ಐರೋಪ್ಯ ಒಕ್ಕೂಟವು ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದ ಆಮದುಗಳ ಮೇಲೆ ಇಂಗಾಲದ ಆಧಾರದಲ್ಲಿ ಶುಲ್ಕ ವಿಧಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿರುವುದರಿಂದ, ಈ ಕ್ರಮಗಳು ರಫ್ತಿನ ದೃಷ್ಟಿಯಿಂದಲೂ ಮಹತ್ವ ಪಡೆದಿವೆ.

9. ಕೃಷಿ ಮತ್ತು ಪಶುಪಾಲನೆ

ಈ ವಲಯದ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ದನ, ಎಮ್ಮೆ ಮೊದಲಾದ ಮೆಲುಕು ಹಾಕುವ ಪ್ರಾಣಿಗಳ ಜೀರ್ಣಕ್ರಿಯೆಯಲ್ಲಿ ಉತ್ಪತ್ತಿಯಾಗುವ ಮೀಥೇನ್ ಅನಿಲವಾಗಿರುತ್ತದೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ 19 ಕೋಟಿಗೂ ಹೆಚ್ಚು ದನಗಳು ಮತ್ತು ಸುಮಾರು 11 ಕೋಟಿ ಎಮ್ಮೆಗಳಿದ್ದವು. ಇವು ಸಣ್ಣ ರೈತರ ಜೀವನಾಧಾರವಾಗಿರುವುದರಿಂದ ಸಂಖ್ಯೆಯನ್ನು ಕಡಿತಗೊಳಿಸುವ ಮಾತು ಇಲ್ಲಿ ಸಲ್ಲದು. ಸಮತೋಲಿತ ಆಹಾರ, ಹಸಿರು ಮೇವು ಮತ್ತು ಉತ್ತಮ ಆರೋಗ್ಯದಿಂದ ಹಾಲಿನ ಇಳುವರಿ ಹೆಚ್ಚಿದಲ್ಲಿ, ಪ್ರತಿ ಲೀಟರ್ ಹಾಲಿಗೆ ಆಗುವ ಮೀಥೇನ್ ಪ್ರಮಾಣವು ಇಳಿಯುತ್ತದೆ.

ಸದಾ ನೀರು ನಿಂತ ಭತ್ತದ ಗದ್ದೆಯಲ್ಲಿ ಮಣ್ಣಿಗೆ ಗಾಳಿ ದೊರೆಯದೆ ಮೀಥೇನ್ ಉತ್ಪತ್ತಿಯಾಗುತ್ತದೆ. ಗದ್ದೆಗೆ ಸರದಿಯಂತೆ ನೀರು ಕಟ್ಟಿ, ಆರಲು ಬಿಟ್ಟು ಮತ್ತೆ ಕಟ್ಟುವ ಪದ್ಧತಿಯಿಂದ ಮೀಥೇನ್ ಮತ್ತು ನೀರಿನ ಬಳಕೆ ಎರಡೂ ತಗ್ಗುತ್ತವೆ. ನೀರು ನಿಲ್ಲಿಸದೆ ಬೆಳೆಯಬಹುದಾದ ಏರೋಬಿಕ್ ಭತ್ತದ ಎಂ.ಎ.ಎಸ್. 946-1 ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಭಿವೃದ್ಧಿಪಡಿಸಿದೆ. ತುಂಗಭದ್ರಾ ಮತ್ತು ಕಾವೇರಿ ಅಚ್ಚುಕಟ್ಟು ಪ್ರದೇಶಗಳ ಕೊನೆಯ ಭಾಗದಲ್ಲಿ ನೀರು ತಲುಪದ ರೈತರಿಗೆ ಇಂತಹ ಪದ್ಧತಿಗಳು ವಿಶೇಷವಾಗಿ ಉಪಯುಕ್ತ. ಆದರೆ ಗದ್ದೆ ಒಣಗಿಸುವಾಗ ಯೂರಿಯಾ ಅತಿಯಾಗಿದ್ದರೆ ನೈಟ್ರಸ್ ಆಕ್ಸೈಡ್ ಹೆಚ್ಚುವ ಸಂಭವವಿರುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ಹಾಕುವುದು ಅಗತ್ಯ. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆಯನ್ನು ಆರಂಭಿಸಿ, ಯೂರಿಯಾಕ್ಕೆ ಬೇವಿನ ಲೇಪನವನ್ನು ಕಡ್ಡಾಯಗೊಳಿಸಿರುವುದು ಈ ನಿಟ್ಟಿನಲ್ಲಿ ಸಹಕಾರಿಯಾಗಿದೆ.

10. ಅಡುಗೆ ಇಂಧನ ಮತ್ತು ಗೋಬರ್ ಅನಿಲ

ಸೌದೆ ಒಲೆಯಲ್ಲಿ ದಹನವು ಪೂರ್ಣವಾಗದೆ ಹೊಗೆ, ಮಸಿ ಮತ್ತು ಮೀಥೇನ್ ಹೊರಬೀಳುತ್ತವೆ. ಇದರಿಂದ ಮೊದಲು ತೊಂದರೆಗೊಳಗಾಗುವವರು ಅಡುಗೆ ಮಾಡುವ ಮಹಿಳೆಯರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ 'ಅಸ್ತ್ರ ಒಲೆ'ಯು ಕಡಿಮೆ ಸೌದೆಯಲ್ಲಿ ಅಡುಗೆ ಮಾಡಲು ನೆರವಾಯಿತು. ಇದೇ ಕೇಂದ್ರದ ನೆರವಿನಿಂದ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರದಿಂದ ವಿದ್ಯುತ್ ಉತ್ಪಾದಿಸಿ ಮನೆಗಳಿಗೆ ಬೆಳಕು ಮತ್ತು ನೀರು ಒದಗಿಸುವ ಪ್ರಯೋಗ ನಡೆಯಿತು.

ಬಾಗೇಪಲ್ಲಿ ಭಾಗದಲ್ಲಿ 5,500 ಕುಟುಂಬಗಳಿಗೆ ತಲಾ 2 ಘನ ಮೀಟರ್ ಸಾಮರ್ಥ್ಯದ ಗೋಬರ್ ಅನಿಲ ಸ್ಥಾವರಗಳನ್ನು ಒದಗಿಸುವ ಯೋಜನೆಯು ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲಿ ನೋಂದಣಿಯಾಯಿತು. ಗ್ರಾಮೀಣ ಕುಟುಂಬಗಳು ತಪ್ಪಿಸಿದ ಹೊರಸೂಸುವಿಕೆಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆ ದೊರೆಯಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕಾಗುತ್ತದೆ. ಅನಿಲವನ್ನು ಪಡೆದ ನಂತರ ಉಳಿಯುವ ಬಗ್ಗಡವು ಉತ್ತಮ ಗೊಬ್ಬರವಾಗುತ್ತದೆ.

11. ತ್ಯಾಜ್ಯ

ನಗರಗಳ ಕಸದಲ್ಲಿ ಸುಮಾರು ಅರ್ಧದಷ್ಟು ಹಸಿ ಕಸವಾಗಿರುತ್ತದೆ. ಇದನ್ನು ಇತರೆ ಕಸದೊಂದಿಗೆ ರಾಶಿ ಹಾಕಿದಾಗ ಒಳಗೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಉತ್ಪತ್ತಿಯಾಗುತ್ತದೆ. ಕಸದ ರಾಶಿಗಳಿಗೆ ಬೆಂಕಿ ತಗಲುವುದಕ್ಕೂ ಇದು ಒಂದು ಕಾರಣ. ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನರು ಅನುಭವಿಸಿದ ತೊಂದರೆ ಮತ್ತು 2014ರಲ್ಲಿ ಅಲ್ಲಿಗೆ ಕಸ ಸಾಗಣೆ ನಿಂತುದು ಎಲ್ಲರಿಗೂ ತಿಳಿದ ವಿಷಯ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮೂಲದಲ್ಲಿಯೇ ಕಸ ವಿಂಗಡಣೆಯನ್ನು ಕಡ್ಡಾಯಗೊಳಿಸಿದವು. ವಿಂಗಡಿಸಿದ ಹಸಿ ಕಸದಿಂದ ಗೊಬ್ಬರ ಅಥವಾ ಅನಿಲವನ್ನು ಪಡೆಯಬಹುದು. ಬೆರೆತ ಕಸದಿಂದ ಎರಡೂ ಸಾಧ್ಯವಾಗುವುದಿಲ್ಲ.

12. ಅರಣ್ಯ

ಮರಗಳು ಇಂಗಾಲವನ್ನು ಕಾಂಡ, ಬೇರು ಮತ್ತು ಮಣ್ಣಿನಲ್ಲಿ ಹಿಡಿದಿಡುತ್ತವೆ. 2023ರ ಅರಣ್ಯ ಸ್ಥಿತಿ ವರದಿಯಂತೆ ದೇಶದ ಭೌಗೋಳಿಕ ಪ್ರದೇಶದ ಶೇ. 25.17ರಷ್ಟು ಅರಣ್ಯ ಮತ್ತು ಮರಗಳ ಹೊದಿಕೆ ಇದೆ. ರೈತರು ತಮ್ಮ ಜಮೀನಿನಲ್ಲಿ ಬೆಳೆಸಿದ ಸಸಿಗಳಿಗೆ ಪ್ರೋತ್ಸಾಹಧನ ನೀಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ರಾಜ್ಯದ ಅರಣ್ಯ ಇಲಾಖೆಯು ಜಾರಿಗೆ ತಂದಿದೆ. ಪಶ್ಚಿಮ ಘಟ್ಟದ ಹಳೆಯ ಅರಣ್ಯದಲ್ಲಿ ಶತಮಾನಗಳಿಂದ ಸಂಗ್ರಹವಾದ ಇಂಗಾಲವನ್ನು ಹೊಸ ನೆಡುತೋಪುಗಳು ಕೆಲವೇ ವರ್ಷಗಳಲ್ಲಿ ಸರಿದೂಗಿಸಲಾರವು. ಆದ್ದರಿಂದ ಸಸಿ ನೆಡುವುದಕ್ಕಿಂತ ಮೊದಲು ಇರುವ ಅರಣ್ಯವನ್ನು ಉಳಿಸಿಕೊಳ್ಳುವುದು ಆದ್ಯತೆಯಾಗಿರುತ್ತದೆ.

13. ಆದ್ಯತೆಯ ಕ್ರಮ

ಸೀಮಿತ ಸಂಪನ್ಮೂಲವಿರುವ ದೇಶದಲ್ಲಿ ಯಾವ ಕ್ರಮವನ್ನು ಮೊದಲು ಕೈಗೊಳ್ಳಬೇಕೆಂಬುದು ವೆಚ್ಚದ ಲೆಕ್ಕವನ್ನೂ ಅವಲಂಬಿಸಿದೆ. ಮೇಲೆ ವಿವರಿಸಿದ ಕ್ರಮಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು:

(ಅ) ಹಾಕಿದ ಹಣವನ್ನು ಬೇಗನೆ ಹಿಂದಿರುಗಿಸುವ ಕ್ರಮಗಳು: ಎಲ್‌ಇಡಿ ಬಲ್ಬು, ದಕ್ಷ ಪಂಪು, ಗೊಬ್ಬರದ ಮಿತ ಬಳಕೆ, ಕಸ ವಿಂಗಡಣೆ.
(ಆ) ಆರಂಭದಲ್ಲಿ ಬಂಡವಾಳ ಬೇಡಿ, ನಂತರದ ವರ್ಷಗಳಲ್ಲಿ ಉಳಿತಾಯ ನೀಡುವ ಕ್ರಮಗಳು: ಸೌರ ವಿದ್ಯುತ್, ವಿದ್ಯುತ್ ಬಸ್ಸು, ಮೆಟ್ರೊ, ಗೋಬರ್ ಅನಿಲ. ಇವುಗಳಿಗೆ ಸಹಾಯಧನ ಅಥವಾ ಕಡಿಮೆ ಬಡ್ಡಿಯ ಸಾಲ ಬೇಕಾಗುತ್ತದೆ.
(ಇ) ಇಂದಿಗೂ ದುಬಾರಿಯಾಗಿರುವ ಕ್ರಮಗಳು: ಜಲಜನಕದಿಂದ ಉಕ್ಕು ತಯಾರಿಕೆ ಮುಂತಾದವು. ಇವುಗಳಿಗೆ ತಂತ್ರಜ್ಞಾನ ಮತ್ತು ಅಂತರರಾಷ್ಟ್ರೀಯ ನೆರವು ಅಗತ್ಯ. ಅಭಿವೃದ್ಧಿ ಹೊಂದಿದ ರಾಷ್ಟ್ರಗಳು ಈ ನೆರವನ್ನು ನೀಡಬೇಕೆಂಬುದು 1992ರ ಒಡಂಬಡಿಕೆಯಲ್ಲಿಯೇ ಒಪ್ಪಿತವಾದ ತತ್ವವಾಗಿದೆ.

ಮೊದಲ ಗುಂಪಿನ ಕ್ರಮಗಳಿಗೆ ಯಾವ ಅಂತರರಾಷ್ಟ್ರೀಯ ಒಪ್ಪಂದಕ್ಕಾಗಿಯೂ ಕಾಯಬೇಕಾಗಿಲ್ಲ. ಹವಾಮಾನದ ಪ್ರಶ್ನೆಯೇ ಇಲ್ಲದಿದ್ದರೂ ಅವು ಲಾಭದಾಯಕವಾಗಿರುತ್ತವೆ.

14. ಸಾರ್ವಜನಿಕರು ಕೈಗೊಳ್ಳಬಹುದಾದ ಕ್ರಮಗಳು

1. ಹೊಸ ಉಪಕರಣ ಖರೀದಿಸುವಾಗ ಬೆಲೆಯೊಂದನ್ನೇ ನೋಡದೆ, ನಕ್ಷತ್ರ ಪಟ್ಟಿಯಲ್ಲಿ ನಮೂದಿಸಿರುವ ವಾರ್ಷಿಕ ಯೂನಿಟ್ ಬಳಕೆಯನ್ನೂ ಹೋಲಿಸಿ ನೋಡುವುದು.
2. ಹವಾನಿಯಂತ್ರಕವನ್ನು 24 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿನ ಉಷ್ಣಾಂಶದಲ್ಲಿ ಬಳಸುವುದು.
3. ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಅಳವಡಿಸಿಕೊಳ್ಳುವುದು. ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್ ದೊರೆಯುತ್ತದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000 ರೂಪಾಯಿ, ಎರಡು ಕಿಲೋವ್ಯಾಟ್‌ಗೆ 60,000 ರೂಪಾಯಿ, ಮೂರು ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ 78,000 ರೂಪಾಯಿ ಸಹಾಯಧನ ನಿಗದಿಪಡಿಸಲಾಯಿತು. ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ದರವನ್ನು ತಮ್ಮ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.
4. ಪಂಪ್‌ಸೆಟ್ ದುರಸ್ತಿಗೆ ಬಂದಾಗ ದಕ್ಷತೆಯ ಗುರುತು ಹೊಂದಿದ ಪಂಪನ್ನು ಆಯ್ಕೆ ಮಾಡಿಕೊಳ್ಳುವುದು ಹಾಗೂ ಸಾಧ್ಯವಿರುವೆಡೆ ಹನಿ ನೀರಾವರಿ ಅಳವಡಿಸುವುದು.
5. ನಿತ್ಯದ ಪ್ರಯಾಣಕ್ಕೆ ಬಸ್ಸು, ರೈಲು, ಮೆಟ್ರೊ ಬಳಸುವುದು. ಸಮೀಪದ ಸ್ಥಳಗಳಿಗೆ ನಡೆದು ಅಥವಾ ಸೈಕಲ್ಲಿನಲ್ಲಿ ಹೋಗುವುದು.
6. ಹಸಿ ಮತ್ತು ಒಣ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಿ ನೀಡುವುದು. ಒಣ ಎಲೆ ಮತ್ತು ಬೆಳೆಯ ಕೂಳೆಗಳನ್ನು ಸುಡದಿರುವುದು.

ಒಂದು ಮನೆಯ ಒಂದು ಬಲ್ಬಿನಿಂದ ಉಳಿಯುವ 93 ಯೂನಿಟ್ ಚಿಕ್ಕ ಮೊತ್ತವೆಂದು ತೋರಬಹುದು. ಒಂದು ಕೋಟಿ ಮನೆಗಳಲ್ಲಿ ಅದೇ 93 ಕೋಟಿ ಯೂನಿಟ್ ಆಗುತ್ತದೆ. ಇಷ್ಟು ವಿದ್ಯುತ್ತಿಗಾಗಿ ಸುಡಬೇಕಾಗಿದ್ದ ಕಲ್ಲಿದ್ದಲು ಗಣಿಯಲ್ಲಿಯೇ ಉಳಿಯುತ್ತದೆ, ಗ್ರಾಹಕರ ಬಿಲ್ಲಿನ ಮೊತ್ತವೂ ಇಳಿಯುತ್ತದೆ. ಸಾರ್ವಜನಿಕರು ಮೇಲ್ಕಂಡ ಕ್ರಮಗಳಲ್ಲಿ ತಮಗೆ ಸಾಧ್ಯವಾದುವನ್ನು ಅನುಸರಿಸಿ ಸಹಕರಿಸಬೇಕೆಂದು ಕೋರಲಾಗಿದೆ.